ಅವ್ರು ಕೇಳ್ನಿಲ್ಲ, ನಾ ಯೋಳ್ನಿಲ್ಲ

"ಅದು ತಿನ್ನೋ ಹಣ್ಣಲ್ಲ ಮೇಡಂ, ಶೋಗೆ ಇಟ್ಟಿರೋದು."

ಸೋಮವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹೀಗೆ ಹೇಳುವಾಗ ತೋಟದ ಕೆಲಸದ ಅಕ್ಕ ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದರು. ಗೇಟಿನುದ್ದಕ್ಕೂ ಇಟ್ಟ ಚೈನಾ ಆರೆಂಜ್ (ನಿಂಬೆಗಿಂತ ಚಿಕ್ಕ ಕಿತ್ತಳೆ) ಕುಂಡಗಳಿಂದ ಹಣ್ಣು ಉದುರಿ, ಕಾರಿನ ಚಕ್ರಕ್ಕೆ ಸಿಕ್ಕಿ ನೆಲವೆಲ್ಲ ಅಂಟು. ಗಿಡ ತೆಗೆಸಿ ಪ್ಲಾಸ್ಟಿಕ್ ಹುಲ್ಲು ಹಾಸೋಣ ಅನ್ನುವುದು ಅವರ ಯೋಚನೆ. ಮನುಷ್ಯ ಕೆಟ್ಟವರಲ್ಲ. ಟ್ಯಾಂಕರ್ ಬಾರದ ದಿನ ರಾತ್ರಿ ಹನ್ನೊಂದಾದರೂ ಫೋನ್ ಹಿಡಿದು ಓಡಾಡುತ್ತಾರೆ. ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತಾರೆ.

ಅವರು ಲಿಫ್ಟ್ ಹತ್ತಿದ ಮೇಲೆ ಅಕ್ಕ ಒಂದು ಹಣ್ಣು ಕಿತ್ತು, ಸೆರಗಿಗೆ ಒರೆಸಿ, ಇಡಿಯಾಗಿ ಬಾಯಿಗೆ ಹಾಕಿಕೊಂಡರು. "ಸಿಪ್ಪೆ ಸಮೇತ ತಿನ್ನಕ್ಕ. ಸಿಪ್ಪೆನೇ ಸಿಹಿ." ತಿಂದೆ. ನಿಜ, ಸಿಪ್ಪೆ ಘಮಘಮ, ಸಿಹಿ. ಒಳಗಿನ ತೊಳೆ ಹಲ್ಲು ಚುಳ್ ಅನ್ನುವಷ್ಟು ಹುಳಿ. ಪ್ರತಿ ವರ್ಷ ಮಡಿಲು ತುಂಬ ಒಯ್ದು ಉಪ್ಪಿನಕಾಯಿ ಹಾಕುತ್ತಾರಂತೆ. ಔಷಧಿ ಹೊಡೆದಿರುತ್ತಾರಲ್ಲ ಅಂದೆ. "ಹೊಡ್ಯೋಳು ನಾನೇ ಅಲ್ವಾ? ಬೇವ್ನೆಣ್ಣೆ ಬುಟ್ರೆ ಇನ್ನೇನೂ ಆಕಿಲ್ಲ."

"ಮತ್ತೆ ಅವರು ತಿನ್ನೋ ಹಣ್ಣಲ್ಲ ಅಂದಾಗ ಯಾಕೆ ಸುಮ್ಮನಿದ್ರಿ?"

"ಅವ್ರು ಕೇಳ್ನಿಲ್ಲ, ನಾ ಯೋಳ್ನಿಲ್ಲ."

ವಾರವೆಲ್ಲ ಈ ಮಾತು ನನ್ನ ತಲೆಯಲ್ಲೇ ಇದೆ. ಹಣ್ಣೂ ಅಡುಗೆಮನೆಯಲ್ಲೇ ಇದೆ, ಪಾಕದಲ್ಲಿ. ಅಮ್ಮ ನೆಲ್ಲಿಕಾಯಿ ಮುರಬ್ಬ ಮಾಡುತ್ತಿದ್ದ ಕ್ರಮವೇ ಇದಕ್ಕೂ. ಹಣ್ಣು ತೊಳೆದು, ದಬ್ಬಣದಿಂದ ಸುತ್ತಲೂ ಚುಚ್ಚಿ, ತೊಟ್ಟಿನ ಕಡೆ ಸಣ್ಣಗೆ ಸೀಳಿ ಬೀಜ ತೆಗೆಯಬೇಕು. ಮೊದಲು ಬರೀ ನೀರಲ್ಲಿ ಸಿಪ್ಪೆ ಮೆತ್ತಗಾಗುವ ತನಕ ಬೇಯಿಸಿ, ಆ ನೀರು ಚೆಲ್ಲಬೇಕು; ಕಹಿ ಅದರ ಜೊತೆ ಹೋಗುತ್ತದೆ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮತ್ತೆ ಮೆತ್ತಗಾಗುವುದಿಲ್ಲ.

ಪಾಕದ್ದೇ ದೊಡ್ಡ ವಿಷಯ. ಮೊದಲ ದಿನ ಒಂದು ಲೋಟ ಸಕ್ಕರೆಗೆ ಎರಡು ಲೋಟ ನೀರು, ತೆಳ್ಳಗೆ. ಒಂದು ಕುದಿ ಬರಿಸಿ ಹಣ್ಣು ಮುಳುಗಿಸಿ ಇಟ್ಟುಬಿಡುವುದು. ಮರುದಿನ ಹಣ್ಣು ಎತ್ತಿ, ಪಾಕಕ್ಕೆ ಇನ್ನಷ್ಟು ಸಕ್ಕರೆ ಹಾಕಿ ಕುದಿಸಿ, ಮತ್ತೆ ಸುರಿಯುವುದು. ದಿನ ದಿನಕ್ಕೂ ಹಾಗೇ, ಒಂದೆಳೆ ಬರುವ ತನಕ. ಮೊದಲ ದಿನವೇ ಗಟ್ಟಿ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಗೆ ಹೋಗುವ ಮುಂಚೆ ಹಣ್ಣಿನ ನೀರೆಲ್ಲ ಹೊರಗೆ ಬಂದು, ಹಣ್ಣು ಮುರುಟಿ ಚರ್ಮದ ಹಾಗೆ ಆಗುತ್ತದೆ. ಕೊನೆಗೆ ಪಾಕದ ನೂರು ಪಾಲಲ್ಲಿ 65ಕ್ಕೂ ಹೆಚ್ಚು ಸಕ್ಕರೆಯೇ ಇದ್ದರೆ ಬೂಷ್ಟು ಬೆಳೆಯಲು ಬೇಕಾದ ನೀರು ಅದಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಸಕ್ಕರೆ ಹರಳುಗಟ್ಟದಂತೆ ಹಣ್ಣಿನ ಹುಳಿಯೇ ನೋಡಿಕೊಳ್ಳುತ್ತದೆ. ಗುರುವಾರ ಒಂದನ್ನು ಚಮಚದಲ್ಲಿ ಎತ್ತಿ ಕಿಟಕಿಗೆ ಹಿಡಿದೆ. ಸಿಪ್ಪೆ ಗಾಜಾಗಿತ್ತು. ಒಳಗಿನ ತೊಳೆಗಳ ಗೆರೆ ಎಣಿಸಬಹುದಿತ್ತು, ನಾನು ಕಾಣದೆ ಬಿಟ್ಟ ಒಂದು ಬೀಜ ಕಪ್ಪಗೆ ಕಾಣುತ್ತಿತ್ತು.

ಫಿಲಿಪೀನ್ಸ್‌ನವರು ಇದನ್ನು ಕಲಮಾನ್ಸಿ ಎನ್ನುತ್ತಾರೆ. ನಾವು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದಂತೆ ಅವರು ನೂಡಲ್ಸಿಗೂ ಮೀನಿಗೂ ಹಿಂಡುತ್ತಾರೆ. ಒಂದು ದೇಶದ ಊಟದಲ್ಲಿ ದಿನವೂ ಇರುವ ಹಣ್ಣು ನಮ್ಮ ಗೇಟಿನಲ್ಲಿ ಕಸ. ಸೆಕ್ರೆಟರಿಗೆ ಅದು ಗೊತ್ತಿಲ್ಲದ್ದು ನನಗೆ ಬೇಸರವಲ್ಲ. ಗೊತ್ತಿದ್ದವರು ಎರಡು ಮಾರು ದೂರದಲ್ಲಿ ನಿಂತಿದ್ದರು, ಅವರ ಕಡೆ ಕಣ್ಣು ಕೂಡ ಹೊರಳಲಿಲ್ಲ, ಅದು ಬೇಸರ. ಆ ಗಿಡಗಳಿಗೆ ಗೊಬ್ಬರ ಹಾಕುವವರು, ಯಾವ ಕುಂಡದ್ದು ಹೆಚ್ಚು ರಸ, ಯಾವುದು ಬೇಗ ಹಣ್ಣಾಗುತ್ತದೆ ಅಂತ ಬಲ್ಲವರು ಅಕ್ಕ ಒಬ್ಬರೇ. ಅಮ್ಮನ ಪಾಕದ ಹದ ನನಗೆ ಬಂದದ್ದೂ ಅವಳ ಪಕ್ಕ ಕೂತು ನೆಲ್ಲಿಕಾಯಿ ಚುಚ್ಚಿದ್ದರಿಂದ. ಮನೆಯಲ್ಲಿ ಬೇರೆ ಯಾರೂ ಅವಳನ್ನು ಏನು, ಹೇಗೆ ಅಂತ ಕೇಳಿದವರಲ್ಲ. ಅವಳೂ ಹೇಳಿದವಳಲ್ಲ. ಅವಳ ಕಂಚಿಕಾಯಿ ಗೊಜ್ಜು ಈಗ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಹೀಗೆ ಸುಮ್ಮನೆ ನಿಂತವರ ಜೊತೆಗೇ ಎಷ್ಟು ಹೋಗಿಬಿಟ್ಟಿದೆಯೋ!

ಬಾಟಲಿಯೊಂದನ್ನು ಅಕ್ಕನಿಗೆ ಕೊಟ್ಟೆ. ರುಚಿ ನೋಡಿ, "ಸಕ್ರೆ ಜಾಸ್ತಿ ಆಯ್ತು, ಒಸಿ ಕಾಳ್ಮೆಣಸು ಆಕು" ಅಂದರು. ಮುಂದಿನ ಸಲ ಹಾಕುತ್ತೇನೆ.

ಭಾನುವಾರ ಸಭೆ ಇದೆ. ಗಿಡ ತೆಗೆಸುವ ವಿಷಯಕ್ಕೆ ಬಂದಾಗ ಅಕ್ಕನೂ ಇರಬೇಕು, ಕುರ್ಚಿ ಹಾಕಿ ಕೂರಿಸಿ ಕೇಳಬೇಕು ಅಂತ ಸೆಕ್ರೆಟರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಕ್ಕನನ್ನು ಬರುತ್ತೀರಾ ಅಂತ ಕೇಳಿದೆ.

"ಭಾನ್ವಾರ ನಂಗೆ ರಜ ಕಣಕ್ಕ" ಅಂದರು. ಕುಂಡಕ್ಕೆ ನೀರು ಬಿಟ್ಟು ಪೈಪ್ ಸುತ್ತುತ್ತಾ, "ಎಷ್ಟೊತ್ಗೆ?" ಅಂದರು.