ಎರಡು ದಿನದ ಹೂ ಸಮ್ಮೇಳನಕ್ಕೆ ಎರಡು ವರ್ಷ ಯಾಕೆ?

ನಾನು ಒಂದು ಡೇಲಿಲಿ ಹೂವಿನ ಸಂಘದಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಇಲ್ಲ, ಯಾರಿಗೂ ಇಲ್ಲ. ಸಮ್ಮೇಳನದ ಹೊಣೆ ಮೂರು ಸಲ ಹೊತ್ತಿದ್ದೇನೆ. ಮೂರೂ ಸಲ ಸಿಕ್ಕಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎರಡು ದಿನ ಬರೀ ಹೂ ನೋಡೋಕೆ ಎರಡು ವರ್ಷದ ತಯಾರಿ ಬೇಕಾ?"

ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಆ 'ಬರೀ' ಅನ್ನೋ ಮಾತು ಬಿಡಿ. ಡೇಲಿಲಿಯ ಒಂದು ಹೂವಿನ ಆಯಸ್ಸು ಒಂದು ದಿನ. ಅದರ ಸಸ್ಯಶಾಸ್ತ್ರದ ಹೆಸರು ಹೆಮರೋಕ್ಯಾಲಿಸ್. ಗ್ರೀಕಿನಲ್ಲಿ ಹೆಮೆರಾ ಅಂದರೆ ದಿನ, ಕ್ಯಾಲೋಸ್ ಅಂದರೆ ಚೆಲುವು. ಬೆಳಿಗ್ಗೆ ಅರಳಿದ್ದು ರಾತ್ರಿಯ ಹೊತ್ತಿಗೆ ಬಾಡುತ್ತದೆ. ಮರುದಿನ ಅದೇ ದಂಟಿನಲ್ಲಿ ಇನ್ನೊಂದು ಮೊಗ್ಗು ಅರಳುತ್ತದೆ. ಹೀಗೆ ಹೆಚ್ಚಿನ ಗಿಡಗಳು ಮೂರು ನಾಲ್ಕು ವಾರ ನಡೆಸುತ್ತವೆ, ಅಷ್ಟೇ. ನೂರಾರು ಜನ ಬರುವ ದಿನ ಆ ಮೂರು ನಾಲ್ಕು ವಾರದ ಒಳಗೇ ಬೀಳಬೇಕು. ಆದರೆ ಹೋಟೆಲಿನ ಕೋಣೆಗಳನ್ನು, ಬಸ್ಸುಗಳನ್ನು ಬಹಳ ಮೊದಲೇ ಹಿಡಿಯಬೇಕು. ಬಿಸಿಲು ಬೇಗ ಏರಿದರೆ ಹೂ ಬೇಗ ಬರುತ್ತದೆ, ಚಳಿ ಎಳೆದರೆ ತಡವಾಗುತ್ತದೆ. ಹೋಟೆಲಿನವರ ಹತ್ತಿರ ಹೋಗಿ "ಮೊಗ್ಗು ಇನ್ನೂ ಬಿಟ್ಟಿಲ್ಲ, ಒಂದು ವಾರ ಮುಂದೆ ಹಾಕಿ" ಅನ್ನೋಕಾಗುತ್ತಾ?

ಇನ್ನು ಎರಡು ವರ್ಷದ ಲೆಕ್ಕ. ಸಮ್ಮೇಳನದಲ್ಲಿ ಜನ ನೋಡುವುದು ಹೂದಾನಿಯಲ್ಲಿಟ್ಟ ಹೂವನ್ನಲ್ಲ. ಸಂಘದ ಸದಸ್ಯರು ಕೆಲವರು ತಮ್ಮ ತೋಟ ಬಿಟ್ಟುಕೊಡುತ್ತಾರೆ. ಹೊಸ ತಳಿ ಬೆಳೆಸುವವರು ಎಲ್ಲೆಲ್ಲಿಂದಲೋ ತಮ್ಮ ಗಿಡಗಳನ್ನು ಅಲ್ಲಿಗೆ ಕಳಿಸುತ್ತಾರೆ. ಇವಕ್ಕೆ ನಾವು ಅತಿಥಿ ಗಿಡ ಅನ್ನುತ್ತೇವೆ. ಬರುವಾಗ ಅದು ಎಲೆ ಕತ್ತರಿಸಿದ ಸಣ್ಣ ಬುಡ, ಒಂದೆರಡು ಕವಲು. ಹೊಸ ಮಣ್ಣಿನಲ್ಲಿ ಮೊದಲ ವರ್ಷ ಅದು ಬೇರು ಹಿಡಿಯುವುದರಲ್ಲೇ ಇರುತ್ತದೆ. ದಂಟು ಗಿಡ್ಡವಾಗಿ ಬರುತ್ತದೆ, ಮೊಗ್ಗು ಕಡಿಮೆ, ಕೆಲವು ಸಲ ಬಣ್ಣವೂ ಸರಿ ಬರುವುದಿಲ್ಲ. ಆ ವರ್ಷ ಅದನ್ನು ನೋಡಿ ಬೆಲೆ ಕಟ್ಟಿದರೆ ಬೆಳೆಸಿದವರಿಗೆ ಅನ್ಯಾಯ. ಎರಡನೇ ವರ್ಷ ಗಿಡ ತನ್ನ ನಿಜವಾದ ಎತ್ತರ ತೋರಿಸುತ್ತದೆ. ನಿಮ್ಮ ಎರಡು ವರ್ಷ ಇದೇ.

ಈ ಲೋಕದಲ್ಲಿ ಎರಡು ವರ್ಷ ಜಾಸ್ತಿಯೂ ಅಲ್ಲ. 'ಸ್ಟೆಲ್ಲಾ ಡಿ ಓರೋ' ಅನ್ನೋ ಪುಟ್ಟ ಹಳದಿ ಡೇಲಿಲಿ ನೋಂದಣಿಯಾದದ್ದು 1975ರಲ್ಲಿ. ಅಮೆರಿಕದ ಡೇಲಿಲಿ ಸಂಘದ ಅತಿ ದೊಡ್ಡ ಪ್ರಶಸ್ತಿಯಾದ ಸ್ಟೌಟ್ ಪದಕ ಅದಕ್ಕೆ ಸಿಕ್ಕಿದ್ದು 1985ರಲ್ಲಿ. ಹತ್ತು ವರ್ಷ! ಜನ ತೋಟದಿಂದ ತೋಟಕ್ಕೆ ಹೋಗಿ ನೋಡಬೇಕು, ಬೇರೆ ಬೇರೆ ಮಣ್ಣಿನಲ್ಲಿ ಅದು ಹೇಗೆ ಬೆಳೆಯುತ್ತದೆ ಅಂತ ತಿಳಿಯಬೇಕು. ಆಮೇಲೆ ಪ್ರಶಸ್ತಿಗೆ ಮತ.

"ಯಾವುದಾದರೂ ಈವೆಂಟ್ ಕಂಪನಿಗೆ ಕೊಟ್ಟುಬಿಡಿ" ಅನ್ನೋರೂ ಇದ್ದಾರೆ. ಕುರ್ಚಿ, ಮೈಕು, ಊಟ ಅವರು ನೋಡಿಕೊಳ್ಳಬಹುದು. ಪ್ರತಿ ಗಿಡದ ಲೇಬಲ್ ಯಾರು ನೋಡುತ್ತಾರೆ? ಒಂದು ತೋಟದಲ್ಲಿ ಕಳೆ ಕೀಳಲು ಬಂದವರು ಒಂದು ಸಾಲಿನ ಲೇಬಲ್‌ಗಳನ್ನೆಲ್ಲ ಕಿತ್ತು, ಕೆಲಸ ಮುಗಿದ ಮೇಲೆ ಹೇಗೆ ಬಂತೋ ಹಾಗೆ ಚುಚ್ಚಿದ್ದರು. ಹೂ ಇಲ್ಲದಾಗ ಎಲ್ಲ ಡೇಲಿಲಿಯೂ ಒಂದೇ ಥರದ ಹುಲ್ಲು, ಅಲ್ವಾ? ನೆಟ್ಟ ದಿನವೇ ಪಾತಿಯ ನಕ್ಷೆ ಬರೆದಿಟ್ಟಿದ್ದರಿಂದ ಉಳಿದುಕೊಂಡೆವು. ಇಲ್ಲದಿದ್ದರೆ ಒಬ್ಬರ ಹೂವಿಗೆ ಬೀಳಬೇಕಾದ ಮತ ಇನ್ನೊಬ್ಬರ ಹೆಸರಿಗೆ ಬೀಳುತ್ತಿತ್ತು. ಆವತ್ತಿನಿಂದ ನಕ್ಷೆಯ ಒಂದು ಪ್ರತಿ ತೋಟದಲ್ಲಿ, ಇನ್ನೊಂದು ನನ್ನ ಮನೆಯಲ್ಲಿ.

ಉತ್ತರ ಇಲ್ಲಿಗೆ ಮುಗಿಯಿತು ಅನ್ನಬಹುದು. ಆದರೆ ಎರಡನೇ ಸಮ್ಮೇಳನದ ಒಂದು ಬೆಳಗಿನ ಜಾವ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಬಸ್ಸು ಎಂಟು ಗಂಟೆಗೆ ಬರಬೇಕಿತ್ತು. ನಾವು ನಾಲ್ಕು ಜನ ಐದಕ್ಕೇ ತೋಟಕ್ಕೆ ಇಳಿದೆವು. ಹಿಂದಿನ ದಿನದ ಹೂಗಳನ್ನೆಲ್ಲ ಕೀಳಬೇಕು. ಬಾಡಿದ ಡೇಲಿಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ, ಪಕ್ಕದಲ್ಲಿ ಅರಳುತ್ತಿರುವ ಮೊಗ್ಗಿಗೆ ಅಂಟಿಕೊಂಡು ಅದನ್ನೂ ಹರಿದುಹಾಕುತ್ತದೆ. ಬಿರುಸಾಗಿ ಎಳೆದರೆ ಇವತ್ತಿನ ಮೊಗ್ಗೂ ಮುರಿದು ಕೈಗೆ ಬರುತ್ತದೆ. ಟಾರ್ಚ್ ಹಿಡಿದು ಒಂದೊಂದೇ ಬಿಡಿಸಬೇಕು. ಬಕೆಟ್ಟು ತುಂಬಿದಷ್ಟೂ ಬಕೆಟ್ಟು. ಬೆರಳೆಲ್ಲ ನೇರಳೆ ಬಣ್ಣ.

ತೋಟದ ಒಡತಿಗೆ ನನ್ನ ತಾಯಿಯ ವಯಸ್ಸು. ನನ್ನ ಪಕ್ಕದ ಸಾಲಿನಲ್ಲೇ ಬಗ್ಗಿಕೊಂಡು ಕೀಳುತ್ತಿದ್ದರು. ನಾನು ಬಸ್ಸಿನ ಚಿಂತೆಯಲ್ಲಿದ್ದೆ. ಎಷ್ಟು ಹೊತ್ತು ಇಲ್ಲಿ ನಿಲ್ಲಿಸೋಣ, ಶೌಚಾಲಯದ ಸಾಲು ಎಲ್ಲಿಗೆ ಬರಬೇಕು ಅಂತ ಅವರನ್ನು ಕೇಳುತ್ತಲೇ ಇದ್ದೆ. ಅವರು ಎಲ್ಲಕ್ಕೂ ಉತ್ತರ ಹೇಳಿದರು. ಆಮೇಲೆ ಕೈ ನಿಲ್ಲಿಸದೆಯೇ ಅಂದರು, "ಅಲ್ಲಮ್ಮಾ, ಎರಡು ಬೇಸಿಗೆ ನಾನು ಮಗಳ ಮನೆಗೆ ಹೋಗಲಿಲ್ಲ. ಅತಿಥಿ ಗಿಡಕ್ಕೆ ನೀರು ಹಾಕೋರು ಯಾರು ಅಂತ. ನೀವ್ಯಾರೂ ಅದನ್ನ ಕೇಳಲೇ ಇಲ್ಲ."

ನಾನು ಏನೂ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ.

ಎರಡು ವರ್ಷ ಯಾಕೆ ಬೇಕು ಅಂತ ಎಲ್ಲರಿಗೂ ವಿವರಿಸುತ್ತಿದ್ದೆ. ಆ ಎರಡು ವರ್ಷ ಯಾರ ಮನೆಯಲ್ಲಿ ಕಳೆಯುತ್ತದೆ ಅಂತ ನಾನೇ ಯೋಚಿಸಿರಲಿಲ್ಲ. ಗಿಡ ಅವರದ್ದೂ ಅಲ್ಲ. ಅದು ಕಳಿಸಿದವರ ಸ್ವತ್ತು. ಅದರ ಕವಲು ಕಿತ್ತು ಯಾರಿಗೂ ಕೊಡುವಂತಿಲ್ಲ. ಸಮ್ಮೇಳನ ಮುಗಿದ ಮೇಲೆ ವಾಪಸ್ ಕಳಿಸಬೇಕಾ, ಇಟ್ಟುಕೊಳ್ಳಬಹುದಾ ಅಂತ ಕಳಿಸಿದವರನ್ನೇ ಕೇಳಬೇಕು. ತುಕ್ಕು ರೋಗ ಬಂದರೆ ಮದ್ದು ಹೊಡೆಯೋರು ತೋಟದವರು. ನೀರಿನ ಖರ್ಚು ಅವರದ್ದು. ನೂರಾರು ಜನ ನಡೆದು ತುಳಿದ ಹುಲ್ಲು ಸರಿಮಾಡೋರೂ ಅವರೇ.

ಹಾಗಾಗಿ ನನ್ನನ್ನು ಏನಾದರೂ ಕೇಳಲೇಬೇಕು ಅಂದರೆ ಇದನ್ನು ಕೇಳಿ: ತೋಟ ಕೊಟ್ಟವರು ಊರಿಗೆ ಹೋದಾಗ ಗಿಡ ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಎಷ್ಟು ಸಲ ಬೇಕಾದರೂ ಬೇಜಾರಿಲ್ಲದೆ ಉತ್ತರ ಕೊಡುತ್ತೇನೆ. ಯಾಕೆಂದರೆ ಈಗ ಉತ್ತರ ಇದೆ. ಮೂರನೇ ಸಮ್ಮೇಳನದಿಂದ ಅತಿಥಿ ಗಿಡ ಕಳಿಸುವ ಮೊದಲೇ ತೋಟದವರಿಗೆ ಫೋನ್ ಮಾಡಿ, ಮುಂದಿನ ಎರಡು ವರ್ಷದಲ್ಲಿ ಎಲ್ಲೆಲ್ಲಿಗೆ ಹೋಗಬೇಕು ಅಂದುಕೊಂಡಿದ್ದೀರಿ ಅಂತ ಕೇಳುತ್ತೇವೆ. ಮದುವೆ, ಬಾಣಂತನ, ಆಪರೇಷನ್, ಏನಿದ್ದರೂ ಬರೆದುಕೊಳ್ಳುತ್ತೇವೆ. ಆ ದಿನಗಳಿಗೆ ಹತ್ತಿರದ ಸದಸ್ಯರು ಪಾಳಿಯ ಮೇಲೆ ಹೋಗಿ ನೀರು ಹಾಕುತ್ತಾರೆ.

ಮುಂದಿನ ಸಮ್ಮೇಳನದ ಪಟ್ಟಿ ಈಗ ನನ್ನ ಮೇಜಿನ ಮೇಲಿದೆ. ಮೊದಲ ಬೇಸಿಗೆಗೆ ಹೆಸರುಗಳು ತುಂಬಿವೆ. ಎರಡನೇ ಬೇಸಿಗೆಯಲ್ಲಿ ಇನ್ನೂ ಮೂರು ವಾರ ಖಾಲಿ ಇವೆ.