ಹೈಬ್ರಿಡ್ ಹಂಬಕರ್ ಪಿಕಪ್: ಬ್ರಿಡ್ಜ್ ಮುಗೀತು, ನೆಕ್ ನಡೀತಿದೆ

ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ ಪಿಕಪ್ (ತಂತಿ ಅಲ್ಲಾಡೋದನ್ನ ಸಿಗ್ನಲ್ ಮಾಡೋ ಭಾಗ, ಬ್ರಿಡ್ಜ್ ಹತ್ರ ಕೂರೋದು) ಮುಗಿಸಿ ಗಿಟಾರಿಗೆ ಹಾಕಾಯ್ತು, ನೆಕ್ಕಿಂದು ಒಂದು ಕಾಯಿಲ್ ಸುತ್ತಾಗಿದೆ ಇನ್ನೊಂದು ಬಾಕಿ ಇದೆ, ಅಷ್ಟರೊಳಗೆ ಇಲ್ಲೀವರೆಗೆ ಮಾಡಿದ್ದೆಲ್ಲ ಬರೆದಿಟ್ಬಿಡೋಣ ಅಂತ ಕೂತೆ. ಈ ಪ್ರಾಜೆಕ್ಟಲ್ಲಿ ನಾನು ಮಾಡ್ತಿರೋದು ಹಂಬಕರಿನ, ಅಂದ್ರೆ ಎರಡು ಕಾಯಿಲ್ ಇಟ್ಟು ಹಮ್ (ಕರೆಂಟಿನ ಗುಂಯ್ ಸದ್ದು) ಕಳೆಯೋ ಪಿಕಪ್ಪಿನ, ಎರಡು ಕಾಯಿಲನ್ನೂ ಬೇಕಂತಲೇ ಬೇರೆ ಬೇರೆ ಥರ ಸುತ್ತೋದು, ವೈರ್ ದಪ್ಪನೂ ಬೇರೆ ಸುತ್ತಿನ ಲೆಕ್ಕನೂ ಬೇರೆ. ಇದು ಹೊಸ ಐಡಿಯಾ ಏನಲ್ಲ. ಸೆಮೋರ್ ಡಂಕನ್ ಕಂಪನಿಯ 59/ಕಸ್ಟಮ್ ಹೈಬ್ರಿಡ್ ಇದೇ ದಾರೀದು, 59 ಮಾಡೆಲ್ಲಿನ ಒಂದು ಕಾಯಿಲ್ ಮತ್ತೆ ಕಸ್ಟಮ್ ಮಾಡೆಲ್ಲಿನ ಒಂದು ಕಾಯಿಲ್ ಸೇರಿಸಿದ್ದು. ಅದಕ್ಕೂ ಹಿಂದೆ ಹೋದ್ರೆ ಗಿಬ್ಸನ್ ಗಿಟಾರ್ ಕಂಪನೀಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆ ಮೂಲ ಹಂಬಕರ್ ಇದೆಯಲ್ಲ, ಎಲ್ರೂ ಪಿಎಎಫ್ (ಪೇಟೆಂಟ್ ಅಪ್ಲೈಡ್ ಫಾರ್) ಅಂತಾರಲ್ಲ ಅದು, ಅದ್ರಲ್ಲೂ ಎಷ್ಟೋ ಪಿಕಪ್ಪಲ್ಲಿ ಎರಡು ಕಾಯಿಲ್ ಸುತ್ತು ಸರಿಸಮ ಇರ್ತಿರ್ಲಿಲ್ಲ. ಅಲ್ಲಿ ಅದು ತಯಾರಿಕೇಲಿ ತಾನಾಗೇ ಬಂದಿದ್ದು.

ಬ್ರಿಡ್ಜಿನ ಲೆಕ್ಕ ಹೀಗಿದೆ. ಸ್ಕ್ರೂ ಕಾಯಿಲ್ (ಪೋಲ್ ಅಂದ್ರೆ ತಂತಿ ಕೆಳಗಿನ ಕಬ್ಬಿಣದ ತುಂಡು, ಇದ್ರಲ್ಲಿ ಅವು ಸ್ಕ್ರೂ) 42 ಗೇಜ್ ವೈರಲ್ಲಿ 5000 ಸುತ್ತು, ಸ್ಲಗ್ ಕಾಯಿಲ್ (ಪೋಲ್ ಸ್ಕ್ರೂ ಬದಲು ನುಣುಪು ಕಡ್ಡಿ) 43 ಗೇಜಲ್ಲಿ 6000 ಸುತ್ತು. ಅಳತೆ ನೋಡಿದ್ರೆ ಮೊದಲನೇದು 4.05 ಕಿಲೋಓಮ್, ಎರಡನೇದು 6 ಕಿಲೋಓಮ್ ಹತ್ರ, ಸೀರೀಸಲ್ಲಿ ಸುಮಾರು 10. ಈ 10 ನೋಡಿ "ಓ ಹೈ ಔಟ್‌ಪುಟ್" ಅಂದ್ಕೋಬಾರ್ದು. 43 ಗೇಜ್ ವೈರ್ ತೆಳು, ಅಷ್ಟೇ ಉದ್ದಕ್ಕೆ 42ಕ್ಕಿಂತ ಕಾಲು ಭಾಗ ಜಾಸ್ತಿ ರೆಸಿಸ್ಟೆನ್ಸ್ ಕೊಡತ್ತೆ, ಹಾಗಾಗಿ ರೆಸಿಸ್ಟೆನ್ಸ್ ಲೆಕ್ಕದಲ್ಲಿ ಸ್ಲಗ್ ಕಾಯಿಲ್ ಒಂದೂವರೆ ಪಟ್ಟು ಅನ್ಸಿದ್ರೂ ಸುತ್ತಿನ ಲೆಕ್ಕದಲ್ಲಿ ಬರೀ 20 ಪರ್ಸೆಂಟ್ ಜಾಸ್ತಿ. ತಂತಿಯಿಂದ ಎಷ್ಟು ಸಿಗ್ನಲ್ ಬರತ್ತೆ ಅನ್ನೋದಕ್ಕೂ ಎಷ್ಟು ಹಮ್ ಕ್ಯಾನ್ಸಲ್ ಆಗತ್ತೆ ಅನ್ನೋದಕ್ಕೂ ಸುತ್ತೇ ಮುಖ್ಯ, ಮಲ್ಟಿಮೀಟರ್ ತೋರ್ಸೋ ಓಮ್ ಅಲ್ಲ. ಪಿಕಪ್ ಹೋಲಿಸೋವಾಗ ಎಲ್ರೂ ಮೊದಲು ಕೇಳೋದೇ ಎಷ್ಟು ಕೆ (ಕಿಲೋಓಮ್) ಅಂತ, ಒಂದೇ ವೈರಲ್ಲಿ ಒಂದೇ ಥರದ ಬಾಬಿನ್ನಲ್ಲಿ (ವೈರ್ ಸುತ್ತೋ ಅಚ್ಚು) ಸುತ್ತಿದ ಎರಡನ್ನ ಹೋಲ್ಸಕ್ಕಾದ್ರೆ ಸರಿ, ಹೈಬ್ರಿಡ್ಡಲ್ಲಿ ಆ ನಂಬರ್ ದಾರಿ ತಪ್ಸತ್ತೆ. ಇನ್ನೊಂದು ವಿಷ್ಯ, ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರತ್ತೆ, ಅಂದ್ರೆ 10 ಡಿಗ್ರಿ ಬಿಸಿ ಜಾಸ್ತಿಯಾದ್ರೆ ಈ ಪಿಕಪ್ಪೇ 400 ಓಮ್ ಹತ್ರ ಜಾಸ್ತಿ ತೋರ್ಸತ್ತೆ. ಸೋಲ್ಡರ್ ಮಾಡಿದ ತಕ್ಷಣ ಅಥವಾ (ವೈರ್ ಅಲುಗದಿರ್ಲಿ ಅಂತ ಪಿಕಪ್ ಮುಳುಗ್ಸೋ) ಬಿಸಿ ಮೇಣದಿಂದ ತೆಗೆದ ತಕ್ಷಣ ಅಳೀಬೇಡಿ, ಪೂರ್ತಿ ತಣ್ಣಗಾಗ್ಲಿ.

ಯಾಕೆ ಇಷ್ಟೆಲ್ಲ ಕಷ್ಟ ಪಟ್ಟು ಬೇರೆ ಬೇರೆ ಮಾಡ್ಬೇಕು ಅಂದ್ರೆ, ನಂಗೆ ಈ ಪ್ರಾಜೆಕ್ಟಲ್ಲಿ ಎಲ್ಲಕ್ಕಿಂತ ಇಷ್ಟ ಆದ ಭಾಗ ಇದೇ. ಹಂಬಕರ್ ತಂತೀನ ಎರಡು ಜಾಗದಲ್ಲಿ ಕೇಳ್ಸ್ಕೊಳತ್ತೆ, ಎರಡು ಸಾಲಿನ ಪೋಲ್ ಮಧ್ಯ ಸುಮಾರು 18 ಮಿಲಿಮೀಟರ್ ದೂರ. ತಂತಿ ಮೇಲೆ ಓಡೋ ಅಲೆಯ ಅರ್ಧ ಉದ್ದ ಆ 18 ಮಿಲಿಮೀಟರಿಗೆ ಸರಿಯಾಗಿ ಬಂದ್ರೆ ಒಂದು ಕಾಯಿಲ್ಲಲ್ಲಿ ತಂತಿ ಮೇಲೆ ಹೋಗೋವಾಗ ಇನ್ನೊಂದ್ರಲ್ಲಿ ಕೆಳಗೆ ಹೋಗ್ತಿರತ್ತೆ, ಎರಡೂ ಸೇರಿ ಸೊನ್ನೆ. 628 ಮಿಲಿಮೀಟರ್ ಸ್ಕೇಲ್ (ತಂತಿ ಉದ್ದ) ಗಿಟಾರಲ್ಲಿ ಇದು 35ನೇ ಹಾರ್ಮೋನಿಕ್ (ಮೂಲ ಸ್ವರದ 35 ಪಟ್ಟು ಫ್ರೀಕ್ವೆನ್ಸಿ) ಹತ್ರ ಬರತ್ತೆ, ದಪ್ಪ ಇ ತಂತಿಗೆ 82.4 ಹರ್ಟ್ಜ್ ಇಂಟು 35 ಅಂದ್ರೆ ಹತ್ರ ಹತ್ರ 2.9 ಕಿಲೋಹರ್ಟ್ಜ್, ಎ ತಂತಿಗೆ 3.8 ಕಿಲೋಹರ್ಟ್ಜ್, ಸಣ್ಣ ಇ ತಂತಿಗೆ 11 ಕಿಲೋಹರ್ಟ್ಜ್ ದಾಟತ್ತೆ ಹಾಗಾಗಿ ಅಲ್ಲಿ ತಲೆ ಕೆಡಿಸ್ಕೊಳೋ ಹಾಗಿಲ್ಲ. ದಪ್ಪ ತಂತಿಗಳ ಆ 3 ಕಿಲೋಹರ್ಟ್ಜ್ ಆಸುಪಾಸೇ ಪಿಕ್ ತಾಗೋ ಸದ್ದು ಸ್ಪಷ್ಟ ಕೇಳೋ ಜಾಗ. ಎರಡು ಕಾಯಿಲೂ ಸಮಾನ ಬಲದ್ದಾದ್ರೆ ಅಲ್ಲಿ ಪೂರ್ತಿ ಗುಂಡಿ ಬೀಳತ್ತೆ, ಒಂದು 5000 ಒಂದು 6000 ಆದ್ರೆ ಗುಂಡಿ ಪೂರ್ತಿ ತಳ ಮುಟ್ಟಲ್ಲ, ಹನ್ನೊಂದರಲ್ಲಿ ಒಂದು ಭಾಗ ಉಳ್ಕೊಳತ್ತೆ. ಹೈಬ್ರಿಡ್ಡಲ್ಲಿ ದಪ್ಪ ತಂತಿ ಸ್ವಲ್ಪ ಬಿಚ್ಚಿ ಕೇಳ್ಸೋದಕ್ಕೆ ಇದೂ ಒಂದು ಕಾರಣ. ಇದರ ಜೊತೆಗೆ ಇಂಡಕ್ಟೆನ್ಸ್ (ಇದು ಜಾಸ್ತಿಯಾದಷ್ಟೂ ಸೌಂಡಿನ ಚೂಪು ಕಮ್ಮಿ) ಸುತ್ತಿನ ವರ್ಗದ ಲೆಕ್ಕದಲ್ಲಿ ಏರೋದ್ರಿಂದ 20 ಪರ್ಸೆಂಟ್ ಸುತ್ತು ಜಾಸ್ತಿ ಅಂದ್ರೆ 44 ಪರ್ಸೆಂಟ್ ಇಂಡಕ್ಟೆನ್ಸ್ ಜಾಸ್ತಿ, ಎರಡು ಕಾಯಿಲಿಗೂ ಅವವುದ್ದೇ ಸ್ವಭಾವ ಬರತ್ತೆ.

ಇದಕ್ಕೆ ಬೆಲೆನೂ ಇದೆ, ಹಮ್ ಪೂರ್ತಿ ಹೋಗಲ್ಲ. 1000 ಸುತ್ತಿನ ವ್ಯತ್ಯಾಸ ಉಳಿಯತ್ತೆ, ಸ್ಲಗ್ ಕಾಯಿಲ್ ಒಂದೇ ಇದ್ರೆ ಎಷ್ಟು ಹಮ್ ಬರ್ತಿತ್ತೋ ಅದರ ಆರನೇ ಒಂದು ಭಾಗ, ಡೆಸಿಬಲ್ಲಲ್ಲಿ ಹೇಳೋದಾದ್ರೆ 15 ಚಿಲ್ಲರೆ ಕಮ್ಮಿ. ಕ್ಲೀನ್ ಚಾನೆಲ್ಲಲ್ಲಿ ಗೊತ್ತೇ ಆಗಲ್ಲ, ಹೈ ಗೇನಲ್ಲಿ ಕಿವಿ ಕೊಟ್ರೆ ಕೇಳತ್ತೆ. ನಂಗೆ ಇಷ್ಟು ಒಪ್ಪಿಗೆ. ವ್ಯತ್ಯಾಸ ಇನ್ನೂ ಜಾಸ್ತಿ ಮಾಡ್ತಾ ಹೋದ್ರೆ ಹಂಬಕರ್ ಕಟ್ಟೋದರ ಉದ್ದೇಶವೇ ಹಾಳು, ನನ್ನ ಪ್ರಕಾರ 20 ಪರ್ಸೆಂಟ್ ದಾಟಬಾರ್ದು.

ಯಾವ ಕಾಯಿಲ್ ಯಾವ ಕಡೆ ಅನ್ನೋದೂ ಮುಖ್ಯ. ಬ್ರಿಡ್ಜ್ ಪಿಕಪ್ಪಲ್ಲಿ ಸ್ಕ್ರೂ ಸಾಲು ಬ್ರಿಡ್ಜ್ ಕಡೆ, ಸ್ಲಗ್ ಸಾಲು ನೆಕ್ ಕಡೆ, ನೆಕ್ ಕಡೆ ಹೋದಷ್ಟೂ ತಂತಿ ಜಾಸ್ತಿ ಅಲ್ಲಾಡತ್ತೆ. ಜೋರು ಕಾಯಿಲ್ ಅಲ್ಲಿಟ್ರೆ ದಪ್ಪ ಸೌಂಡು, ಬ್ರಿಡ್ಜ್ ಕಡೆ ಇಟ್ರೆ ಚೂಪು. ನಾನು ಸ್ಲಗ್ ಕಡೆ ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಕಾಯಿಲ್ ಸ್ಪ್ಲಿಟ್, ಅಂದ್ರೆ ಒಂದು ಕಾಯಿಲ್ ಮಾತ್ರ ಬಳಸೋದು. ಸ್ಪ್ಲಿಟ್ ಮಾಡ್ದಾಗ ಉಳಿಯೋದು 6000 ಸುತ್ತಿನ ಕಾಯಿಲ್, ಹಾಗಾಗಿ ವಾಲ್ಯೂಮ್ ಧೊಪ್ಪಂತ ಬೀಳಲ್ಲ.

ಸುತ್ತೋ ಕೆಲ್ಸದ ಬಗ್ಗೆ. 42 ಗೇಜ್ ತಾಮ್ರ 0.063 ಮಿಲಿಮೀಟರ್, 43 ಇನ್ನೂ ತೆಳು, 0.056, ತಲೆಗೂದಲಿನಷ್ಟೇ ಅನ್ನಿ. 5000 ಸುತ್ತಿಗೆ ಮುಕ್ಕಾಲು ಕಿಲೋಮೀಟರ್ ಹತ್ರ ವೈರ್ ಹೋಗತ್ತೆ, ಯೋಚ್ನೆ ಮಾಡಿದ್ರೆ ಒಂದು ಪುಟ್ಟ ಬಾಬಿನ್ನಲ್ಲಿ ಅಷ್ಟುದ್ದ ಕೂತಿದೆ ಅನ್ನೋದೇ ಖುಷಿ ಕೊಡತ್ತೆ. ಮೋಟರ್ ಶಾಫ್ಟಿಗೆ ಚಿಕ್ಕ ಮ್ಯಾಗ್ನೆಟ್ ಅಂಟಿಸಿ ಹಾಲ್ ಸೆನ್ಸರ್ ಇಂದ ಸುತ್ತು ಎಣಿಸ್ತೀನಿ, ವೈರನ್ನ ಎರಡು ತುಂಡು ಫೆಲ್ಟ್ ಮಧ್ಯ ಬೆರಳಲ್ಲಿ ಹಿಡಿದು ಬಿಗಿ ನೋಡ್ಕೋತೀನಿ. 43ಕ್ಕೆ ಕೈ ಇನ್ನೂ ಹಗುರ ಇರ್ಬೇಕು, ಬಿಗಿ ಜಾಸ್ತಿ ಆದ್ರೆ ವೈರ್ ಕಟ್ಟಾಗೋ ಮೊದಲೇ ಎಳೆದ ಹಾಗೆ ಉದ್ದ ಆಗಿ ಇನ್ನೂ ತೆಳುವಾಗತ್ತೆ, ಆಗ ಸುತ್ತು ಸರಿ ಇದ್ರೂ ಓಮ್ ಏರಿರತ್ತೆ.

ಎರಡು ಬಾಬಿನ್ನೂ ಒಂದೇ ದಿಕ್ಕಿಗೆ ಸುತ್ತಿ, ಮುಗಿದ ತುದಿಗೆ ಮುಗಿದ ತುದಿ ಸೇರಿಸಿದೀನಿ, ಶುರುವಿನ ತುದಿ ಒಂದು ಹಾಟ್ (ಸಿಗ್ನಲ್ ಹೊರಗೆ ಹೋಗೋದು) ಒಂದು ಗ್ರೌಂಡ್. ಮ್ಯಾಗ್ನೆಟ್ಟಿನ ನಾರ್ತ್ ಒಂದು ಸಾಲಿಗೆ ಸೌತ್ ಇನ್ನೊಂದು ಸಾಲಿಗೆ ಇರೋದ್ರಿಂದ ತಂತಿಯ ಸಿಗ್ನಲ್ ಕೂಡತ್ತೆ, ಹೊರಗಿನ ಹಮ್ ಕಳೆಯತ್ತೆ. ಇದು ಸರಿಯಾಗಿದ್ಯಾ ಅಂತ ರೆಸಿಸ್ಟೆನ್ಸ್ ನೋಡಿ ಗೊತ್ತಾಗಲ್ಲ, ಸೀರೀಸಲ್ಲಿ ಯಾವ ತುದಿಗೆ ಯಾವ ತುದಿ ಸೇರಿಸಿದ್ರೂ ಅದೇ 10 ಬರತ್ತೆ. ಮೀಟರ್ ಡಿಸಿ ಮಿಲಿವೋಲ್ಟಿಗೆ ಇಟ್ಟು ಕಬ್ಬಿಣದ ಸ್ಕ್ರೂಡ್ರೈವರ್ ಒಂದು ಸಾಲಿಗೆ ಟಕ್ ಅಂತ ತಾಗ್ಸಿ ಪ್ಲಸ್ಸಾ ಮೈನಸ್ಸಾ ನೋಡಿ, ಆಮೇಲೆ ಇನ್ನೊಂದು ಸಾಲಿಗೆ. ಎರಡೂ ಒಂದೇ ಕಡೆ ಹೋದ್ರೆ ಫೇಸ್ ಸರಿ, ಅಂದ್ರೆ ಎರಡು ಕಾಯಿಲಿನ ಸಿಗ್ನಲ್ ಕೂಡ್ತಿದೆ. ಬೇರೆ ಬೇರೆ ಪಿಕಪ್ಪಿನ ಕಾಯಿಲ್ ಬಿಚ್ಚಿ ಹೈಬ್ರಿಡ್ ಮಾಡೋರು ಇದನ್ನ ಬೇಸ್‌ಪ್ಲೇಟ್ ಸ್ಕ್ರೂ ಬಿಗಿ ಮಾಡೋ ಮೊದಲೇ ನೋಡ್ಬೇಕು, ಯಾಕಂದ್ರೆ ಒಂದೊಂದು ಕಂಪನಿ ವೈರ್ ಬಣ್ಣ ಒಂದೊಂದು ಥರ. ಡಂಕನ್ನಲ್ಲಿ ಬಿಳಿ ಕೆಂಪು ಸೇರಿಸೋದು, ಡಿಮಾರ್ಜಿಯೋಲಿ ಕಪ್ಪು ಬಿಳಿ. ಪೋಲ್ ಸ್ಪೇಸಿಂಗೂ (ಸಾಲಿನ ಮೊದಲ ಪೋಲಿಂದ ಕೊನೇ ಪೋಲಿಗೆ ಇರೋ ದೂರ) ನೋಡ್ಕೊಳಿ, ಮಾಮೂಲಿದು 49-50 ಮಿಲಿಮೀಟರ್, ಎಫ್ ಸ್ಪೇಸಿಂಗ್ ಅಂತ ಬರೋದು ಸುಮಾರು 51-52, ಒಂದೊಂದು ಥರದ್ದು ಸೇರ್ಸಿದ್ರೆ ಬೇಸ್‌ಪ್ಲೇಟಿನ ತೂತಿಗೆ ಸ್ಕ್ರೂ ಕೂರಲ್ಲ.

ಮೇಣ 80 ಭಾಗ ಪ್ಯಾರಾಫಿನ್ 20 ಭಾಗ ಜೇನುಮೇಣ, ನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು 65 ಡಿಗ್ರಿ ದಾಟದ ಹಾಗೆ. ನೇರ ಬೆಂಕಿ ಮೇಲೆ ಯಾವತ್ತೂ ಬೇಡ, ಮೇಣ ಹೊತ್ಕೊಳತ್ತೆ, ಬಾಬಿನ್ನೂ ಸೊಟ್ಟಗಾಗತ್ತೆ. ಗುಳ್ಳೆ ಬರೋದು ನಿಂತ್ರೆ ಆಯ್ತು.

ಮ್ಯಾಗ್ನೆಟ್ ಅಲ್ನಿಕೋ 5ರಲ್ಲಿ ಶುರು ಮಾಡಿ ಅಲ್ನಿಕೋ 2 ಹಾಕಿ ನೋಡಿ ವಾಪಸ್ 5ಕ್ಕೇ ಬಂದೆ. 2ರಲ್ಲಿ ಅಟ್ಯಾಕ್ ಮೆತ್ತಗಾಗತ್ತೆ, ಸೋಲೋಗೆ ಚಂದ, ಆದ್ರೆ ಹೈಬ್ರಿಡ್ಡಿಂದ ಬಂದ ಆ ದಪ್ಪ ತಂತಿಯ ಸ್ಪಷ್ಟತೆ ಅದ್ರಲ್ಲಿ ಮಂಕಾಯ್ತು. 5ರಲ್ಲಿ ಪಾಮ್ ಮ್ಯೂಟ್ (ಅಂಗೈ ಅಂಚು ತಂತಿಗೆ ತಾಗಿಸಿ ನುಡಿಸೋದು) ಮಾಡ್ದಾಗ ಒಂದೊಂದು ನೋಟೂ ಬಿಡಿ ಬಿಡಿಯಾಗಿ ಕೇಳತ್ತೆ, ಮಿಡ್ಸ್ ತುಂಬಿದೆ ಆದ್ರೆ ಮೂಗಿನ ಸದ್ದಿಲ್ಲ. 500ಕೆ ಪಾಟ್ (ವಾಲ್ಯೂಮ್ ನಾಬ್ ಕೆಳಗಿನ ಭಾಗ) ಇದೆ. ಸ್ಕ್ರೂಗಳನ್ನ ಅರ್ಧ ಸುತ್ತು ಮೇಲೆತ್ತಿದ್ರೆ 42ರ ಕಾಯಿಲ್ ಸ್ವಲ್ಪ ಮುಂದೆ ಬರತ್ತೆ, ಎರಡು ಕಾಯಿಲಿನ ಸಮತೋಲ ಇಲ್ಲೇ ಸಣ್ಣದಾಗಿ ತಿದ್ದಬಹುದು, ಆದ್ರೆ ಇದ್ರಿಂದ ಹಮ್ ಲೆಕ್ಕ ಹೆಚ್ಚೇನು ಬದಲಾಗಲ್ಲ ಅನ್ನೋದು ಒಳ್ಳೇದೇ.

ನೆಕ್ಕಿಗೆ ಬೇರೆ ಪ್ರಶ್ನೆ ಹಿಡ್ಕೊಂಡಿದೀನಿ. ಎರಡು ಕಾಯಿಲೂ 5000 ಸುತ್ತೇ, ಒಂದು 42 ಇನ್ನೊಂದು 43. ಸುತ್ತು ಸಮ ಆದ್ರಿಂದ ಹಮ್ ಹತ್ರ ಹತ್ರ ಪೂರ್ತಿ ಹೋಗ್ಬೇಕು, ರೆಸಿಸ್ಟೆನ್ಸ್ ಮಾತ್ರ 4 ಮತ್ತೆ 4.9 ಹೀಗೆ ಬೇರೆ ಇರತ್ತೆ, 43ರ ಕಾಯಿಲ್ ಗಾತ್ರದಲ್ಲಿ ಸಣ್ಣದಿರತ್ತೆ. ಅಂದ್ರೆ ಬ್ರಿಡ್ಜಲ್ಲಿ ಕೇಳಿದ ಬದಲಾವಣೆ ಸುತ್ತಿನ ವ್ಯತ್ಯಾಸದಿಂದ ಎಷ್ಟು ಬಂತು, ವೈರ್ ಗೇಜಿಂದ ಎಷ್ಟು ಬಂತು ಅಂತ ಇದ್ರಲ್ಲಿ ಬಿಡಿಸಿ ನೋಡಬಹುದು. 42ರ ಕಾಯಿಲ್ ಸುತ್ತಿ ಟೇಪ್ ಹಾಕಾಗಿದೆ, 4.04 ತೋರಿಸ್ತಿದೆ. 43ರದ್ದು ಸುತ್ತಿ ಫೇಸ್ ನೋಡಿ, ಮೇಣಕ್ಕೆ ಹಾಕೋ ಮೊದಲು ಒಂದ್ಸಲ ಹಾಗೇ ಗಿಟಾರಿಗೆ ಕೂರ್ಸಿ ರೆಕಾರ್ಡ್ ಮಾಡ್ಕೋತೀನಿ, ಅದೇ ಜಾಗದಲ್ಲಿ ಎರಡೂ 42 ಇರೋ ಮಾಮೂಲಿ ಪಿಕಪ್ಪಿಂದೂ ಒಂದು ರೆಕಾರ್ಡಿಂಗ್ ಇದೆ, ಅದ್ರ ಪಕ್ಕ ಇಟ್ಟು ಕೇಳೋದೇ ಮುಂದಿನ ಕೆಲ್ಸ.