ಬ್ಲೂ ಬ್ಯಾಂಟಮ್ ಬೇಕಿದ್ದರೆ ಮೊದಲು ಒಳ್ಳೆಯ ಕಪ್ಪು ಹುಡುಕಿ

ಕೊಚ್ಚಿನ್ ಬ್ಯಾಂಟಮ್, ಅಂದರೆ ಕಾಲಿಗೂ ಗರಿಯಿರುವ ಪುಟ್ಟ ಜಾತಿಯ ಕೋಳಿ, ಸಾಕಲು ಹೊರಟವರು ಮೊದಲು ಮಾಡುವ ಕೆಲಸ ಒಂದು ಬ್ಲೂ, ಅಂದರೆ ಬೂದಿ ಬಣ್ಣದ, ಜೋಡಿ ಕೊಳ್ಳುವುದು. ಮರಿ ಒಡೆದಾಗ ಒಂದಷ್ಟು ಕಪ್ಪು, ಇನ್ನೊಂದಷ್ಟು ಬೆಳ್ಳಗೆ ಮಸಿ ಸಿಡಿದಂಥವು. ಮಾರಿದವನು ಟೋಪಿ ಹಾಕಿದ ಅಂತ ಜಗಳ ಶುರು. ಅವನ ತಪ್ಪೇನೂ ಇಲ್ಲ, ಬ್ಲೂ ಜೋಡಿಯಿಂದ ಬರಬೇಕಾದದ್ದೇ ಹಾಗೆ.

ಕಪ್ಪನ್ನು ತಿಳಿಯಾಗಿಸುವ ಒಂದು ಜೀನ್ ಇದೆ. ಅದರ ಒಂದು ಪ್ರತಿ ಇದ್ದರೆ ಬ್ಲೂ, ಎರಡಿದ್ದರೆ ಆ ಮಸಿ ಸಿಡಿದಂಥ ಬಿಳಿ, ಅಂದರೆ ಸ್ಪ್ಲಾಶ್, ಇಲ್ಲವೇ ಇಲ್ಲ ಅಂದರೆ ಕಪ್ಪು. ಬ್ಲೂಗೆ ಬ್ಲೂ ಕೂಡಿಸಿದರೆ ಅರ್ಧ ಬ್ಲೂ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲಾಶ್. ಇಂಗ್ಲೆಂಡಿನ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ 1900ರ ದಶಕದಲ್ಲೇ ಆಂಡಲೂಸಿಯನ್ ಕೋಳಿಗಳಲ್ಲಿ ಇದನ್ನು ತೋರಿಸಿಕೊಟ್ಟಿದ್ದರು. ಹಾಗಂತ ಎಂಟು ಮರಿಗಳಲ್ಲಿ ನಾಲ್ಕು ಬ್ಲೂ ಗ್ಯಾರಂಟಿ ಅಂದುಕೊಳ್ಳಬೇಡಿ. ಸಣ್ಣ ಬ್ಯಾಚಿನಲ್ಲಿ ನಾಲ್ಕು ಕಪ್ಪು ಬಂದರೂ ಆಶ್ಚರ್ಯವಿಲ್ಲ.

ಕಪ್ಪು ಹುಂಜಕ್ಕೆ ಸ್ಪ್ಲಾಶ್ ಹೇಟೆ ಕೂಡಿಸಿದರೆ ಎಲ್ಲ ಮರಿಯೂ ಬ್ಲೂ. ಲೆಕ್ಕಕ್ಕೆ ಇದು ಚೆಂದ. ಆದರೆ ಸ್ಪ್ಲಾಶ್ ಹಕ್ಕಿಯಲ್ಲಿ ಗರಿಯ ಅಂಚು ಹೇಗಿದೆ ಅಂತ ಕಾಣುವುದಿಲ್ಲ. ಒಳ್ಳೆಯ ಬ್ಲೂ ಹೇಟೆಯ ಎದೆಯ ಗರಿ ಒಂದನ್ನು ಬೆರಳಲ್ಲಿ ಹಿಡಿದು ನೋಡಿ: ನಡುವೆ ಬೂದಿ ಬಣ್ಣ, ಸುತ್ತ ಗಾಢ ಬಣ್ಣದ ತೆಳು ಅಂಚು. ಆ ಅಂಚೇ ಬ್ಲೂವಿನ ಬೆಲೆ. ಅದಕ್ಕಾಗಿ ಬ್ಲೂ–ಕಪ್ಪು ಜೋಡಿಯೇ ವಾಸಿ. ಅರ್ಧ ಮರಿ ಕಪ್ಪಾದರೂ ಎರಡು ಕಡೆಯನ್ನೂ ಕಣ್ಣಾರೆ ಆರಿಸಬಹುದು. ತಲೆಮಾರುಗಟ್ಟಲೆ ಬ್ಲೂಗೆ ಬ್ಲೂ ಕೂಡಿಸುತ್ತ ಹೋದರೆ ಬಣ್ಣ ಪೇಲವವಾಗಿ ಅಂಚು ಕರಗುತ್ತದೆ.

ಕಪ್ಪು ಆರಿಸುವಾಗ ಬಿಸಿಲಿಗೆ ಹಿಡಿದು ನೋಡಿ. ಜೀರುಂಡೆ ಬೆನ್ನಿನ ಹಸಿರು ಹೊಳಪು ಬೇಕು, ನೇರಳೆ ಪಟ್ಟೆ ಬೇಡ. ಹುಂಜದ ಕುತ್ತಿಗೆ ಮತ್ತು ಭುಜದಲ್ಲಿ ಕೆಂಪು ಅಥವಾ ಹುಲ್ಲು ಬಣ್ಣದ ಒಂದು ಎಳೆ ಇಣುಕಿದರೂ ಅದನ್ನು ತಳಿಗೆ ಬಿಡಬೇಡಿ. ಈ ದೋಷ ಹೇಟೆಯಲ್ಲಿ ಅಡಗಿ ಕೂರುತ್ತದೆ, ಗಂಡುಮರಿಗಳು ಬೆಳೆದ ಮೇಲೇ ತಾಯಿಯ ಬಂಡವಾಳ ಬಯಲಾಗುವುದು. ಗಾತ್ರ ಚಿಕ್ಕದಿದೆ ಅಂತ ನಾಟಿ ಕೆಂಪು ಹುಂಜ ಬಿಡುವವರೂ ಇದ್ದಾರೆ. ಬ್ಲೂ ಜೀನ್ ಕಪ್ಪನ್ನು ಮಾತ್ರ ತಿಳಿ ಮಾಡುತ್ತದೆ, ಕೆಂಪು ಕೆಂಪಾಗೇ ಉಳಿಯುತ್ತದೆ.

ಇನ್ನು ಲ್ಯಾವೆಂಡರ್. ನೋಡಲು ಬ್ಲೂವಿನ ತಮ್ಮನಂತೆ ಇದ್ದರೂ ಸಂಬಂಧವಿಲ್ಲ. ಇದು ತಲೆಯಿಂದ ಬಾಲದವರೆಗೆ ಒಂದೇ ತಿಳಿ ಬೂದು, ಅಂಚಿಲ್ಲ. ಬ್ಲೂ ಹುಂಜದ ಕುತ್ತಿಗೆ, ಬೆನ್ನು ಮಾತ್ರ ಎದೆಗಿಂತ ಗಾಢ. ಅನುಮಾನ ಬಂದರೆ ಅಪ್ಪಟ ಕಪ್ಪಿಗೆ ಕೂಡಿಸಿ: ಬ್ಲೂ ಆಗಿದ್ದರೆ ಸುಮಾರು ಅರ್ಧ ಮರಿ ಬ್ಲೂ, ಲ್ಯಾವೆಂಡರ್ ಆಗಿದ್ದರೆ ಎಲ್ಲವೂ ಕಪ್ಪು. ಈ ಕಪ್ಪು ಮರಿಗಳೇ ಸ್ಪ್ಲಿಟ್. ಒಳಗೆ ಲ್ಯಾವೆಂಡರ್ ಹೊತ್ತಿರುತ್ತವೆ.

ಲ್ಯಾವೆಂಡರಿಗೆ ಲ್ಯಾವೆಂಡರ್ ಕೂಡಿಸಿದರೆ ಮರಿಯೆಲ್ಲ ಲ್ಯಾವೆಂಡರೇ. ಆದರೆ ಹಾಗೇ ಮುಂದುವರಿಸಿದರೆ ಬಾಲ ಮತ್ತು ರೆಕ್ಕೆಯ ಗರಿ ಸಿಗಿದು ಚಿಂದಿಯಾಗುತ್ತದೆ. ಪ್ರೊಟೀನ್ ಸಾಲದು ಅಂತ ಮೀನುಪುಡಿ ಸುರಿದು ಪ್ರಯೋಜನವಿಲ್ಲ, ಸಮಸ್ಯೆ ರಕ್ತದಲ್ಲೇ ಇದೆ. ಗಟ್ಟಿ ಗರಿಯ ಕಪ್ಪಿಗೆ ಕೂಡಿಸಿ, ಬಂದ ಸ್ಪ್ಲಿಟ್ ಮರಿಯನ್ನು ಮತ್ತೆ ಲ್ಯಾವೆಂಡರಿಗೆ ಕೊಟ್ಟರೆ ಅರ್ಧ ಲ್ಯಾವೆಂಡರ್ ಸಿಗುತ್ತವೆ. ಅವುಗಳಲ್ಲಿ ಗರಿ ಸಿಗಿಯದವನ್ನು ಮಾತ್ರ ಇಟ್ಟುಕೊಳ್ಳಿ. ಬ್ಲೂ ಮತ್ತು ಲ್ಯಾವೆಂಡರನ್ನು ಒಂದೇ ಗೂಡಿನಲ್ಲಿ ಬಿಟ್ಟರೆ ಯಾವ ಮರಿ ಏನು ಹೊತ್ತಿದೆ ಅಂತ ಮುಂದೆ ಯಾರಿಗೂ ಹೇಳಲಾಗದು.

ಜೋಡಿ ಬದಲಿಸುವಾಗ ಅವಸರ ಬೇಡ. ಹಳೆ ಹುಂಜವನ್ನು ತೆಗೆದ ಮೇಲೂ ಎರಡು ವಾರ, ಕೆಲವೊಮ್ಮೆ ಮೂರು ವಾರ ಹೇಟೆಯ ಹೊಟ್ಟೆಯಲ್ಲಿ ಅದರ ಬೀಜ ಉಳಿದಿರುತ್ತದೆ. ಆ ಮೂರು ವಾರ ಇಟ್ಟ ಮೊಟ್ಟೆ ಅಡುಗೆಮನೆಗೆ ಹೋಗಲಿ. ಕೊಚ್ಚಿನ್ ಹಿಂಭಾಗದ ಗರಿ ಎಷ್ಟು ದಟ್ಟವೆಂದರೆ ಕೂಡುವುದೇ ಸರಿಯಾಗುವುದಿಲ್ಲ. ಎರಡಕ್ಕೂ ಮಲದ್ವಾರದ ಸುತ್ತ ಕತ್ತರಿಯಲ್ಲಿ ಸವರಿ. ಕಿತ್ತರೆ ಹೊಸ ಗರಿ ಬೇಗ ಬಂದು ಮತ್ತೆ ಅದೇ ತೊಂದರೆ.

ಫ್ಯಾನ್ ಇರುವ ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 45–50. ಕೊನೆಯ ಮೂರು ದಿನ 65–70. ಬ್ಯಾಂಟಮ್ ಮರಿ 19–20ನೇ ದಿನಕ್ಕೇ ಒಡೆಯುವುದುಂಟು, ಅದಕ್ಕೆ ಮೊಟ್ಟೆ ತಿರುಗಿಸುವುದನ್ನು 17ಕ್ಕೇ ನಿಲ್ಲಿಸಿ.

ಕಪ್ಪು ಮರಿಯ ಹೊಟ್ಟೆ ಹಳದಿಮಿಶ್ರಿತ ಬಿಳಿಯಾಗಿರುತ್ತದೆ, ಅದನ್ನು ನೋಡಿ ದೋಷವೆಂದು ಮಾರಿಬಿಡಬೇಡಿ. ಬಣ್ಣದ ತೀರ್ಮಾನ ಐದಾರು ತಿಂಗಳಿಗೆ ದೊಡ್ಡ ಗರಿ ಬಂದ ಮೇಲೆ. ಅಲ್ಲಿಯವರೆಗೆ ಪ್ರತಿ ಜೋಡಿಯ ಮರಿಗೂ ಒಂದೊಂದು ಬಣ್ಣದ ಕಾಲುಂಗುರ ಹಾಕಿ, ವಾರಕ್ಕೊಮ್ಮೆ ಸಡಿಲ ನೋಡಿ. ಕಾಲಿನ ಗರಿಯ ಅಡಿಯಲ್ಲಿ ಉಂಗುರ ಬಿಗಿದದ್ದು ಹೊರಗೆ ಕಾಣುವುದಿಲ್ಲ, ಮರಿ ಕುಂಟುವಾಗಲೇ ಗೊತ್ತಾಗುವುದು.